ಗುಳ್ಳೆ ಇಲ್ಲ, ದದ್ದು ಇಲ್ಲ, ಆದ್ರೂ ಮೈಯೆಲ್ಲ ತುರಿಕೆ. ಯಾವ ಡಾಕ್ಟರಿಗೆ ತೋರಿಸಬೇಕು?

ಪೆರ್ಲದ ಸೊಸೆ:
ಅತ್ತೆಗೆ 61 ವರ್ಷ. ಧನು ತಿಂಗಳಲ್ಲಿ ಶುರುವಾದ ತುರಿಕೆ ವಿಷು ಕಳೆದರೂ ನಿಂತಿಲ್ಲ. ಗುಳ್ಳೆ ಇಲ್ಲ, ದದ್ದು ಇಲ್ಲ, ಕಜ್ಜಿ ಇಲ್ಲ. ಮೈಮೇಲೆ ಇರುವುದೆಲ್ಲ ಅವರೇ ಕೆರೆದುಕೊಂಡ ಗೀರುಗಳು. ಅಂಗೈ, ಅಂಗಾಲಿನಲ್ಲಿ ಶುರುವಾಗಿ ಈಗ ತೋಳು, ಹೊಟ್ಟೆ, ಬೆನ್ನು ಎಲ್ಲ ಕಡೆ ಇದೆ. ಹಗಲು ಹೇಗೋ ಕಳೆಯುತ್ತದೆ. ರಾತ್ರಿ ಎದ್ದು ಕೂತು ಅಂಗಾಲನ್ನು ಮೆಟ್ಟಿಲಿನ ಅಂಚಿಗೆ ಉಜ್ಜುತ್ತಾರೆ. ಮೊನ್ನೆ ಎಣ್ಣೆ ಹಚ್ಚುವಾಗ ನೋಡಿದೆ, ಬೆನ್ನಿನ ನಡುವೆ, ಕೈಗೆ ಎಟುಕದ ಜಾಗದಲ್ಲಿ ಮಾತ್ರ ಚರ್ಮ ಚೊಕ್ಕ ಇದೆ. ಒಂದು ಗೀರೂ ಇಲ್ಲ. ಇನ್ನೊಂದು, ಬಲಗೈ ಉಗುರುಗಳು ಪಾಲಿಶ್ ಹಾಕಿದ ಹಾಗೆ ಹೊಳೆಯುತ್ತಿವೆ. ಅವರು ಜನ್ಮದಲ್ಲಿ ಪಾಲಿಶ್ ಮುಟ್ಟಿದವರಲ್ಲ.

ಪೇಟೆಯ ಅಂಗಡಿಯಿಂದ ಟ್ಯೂಬ್ ತಂದು ಹಚ್ಚಿದೆವು. ಸೆಟ್ರಿಝಿನ್ ಕೊಟ್ಟೆವು, ನಿದ್ದೆ ಬರುತ್ತದೆ, ತುರಿಕೆ ಹೋಗುವುದಿಲ್ಲ. ಕಹಿಬೇವಿನ ನೀರು, ಏಲಾದಿ ತೈಲ ಆಯಿತು. ನಂಜು ಅಂತ ಬದನೆ, ಕೆಸು, ಹಲಸಿನ ಹಣ್ಣು ಬಿಡಿಸಿದ್ದೇವೆ. ನಾಗನ ಕಟ್ಟೆಯಲ್ಲಿ ತಂಬಿಲ ಪೂಜೆಯೂ ಆಗಿದೆ. ಸಕ್ಕರೆ ಕಾಯಿಲೆ ಇಲ್ಲ, ಬಿಪಿಗೆ ಒಂದು ಮಾತ್ರೆ ಇದೆ. ಚರ್ಮದ ಡಾಕ್ಟರಾ, ಬೇರೆಯವರಾ? ಗೊತ್ತಿದ್ದವರು ಹೇಳಿ.

ನೀರ್ಚಾಲು ಮಾಷ್ಟ್ರು:
ಅಬ್ಬಿಕೊಟ್ಟಿಗೆಯ ಹಂಡೆ ನೀರಿನಲ್ಲಿ ಸ್ನಾನ ಮಾಡುತ್ತಾರಾ? ನಮ್ಮ ಮನೆಗಳಲ್ಲಿ ಕಟ್ಟಿಗೆ ಹಾಕಿ ಕುದಿಯುವಷ್ಟು ಕಾಯಿಸುತ್ತೇವೆ. ವಯಸ್ಸಾದ ಮೇಲೆ ಚರ್ಮದಲ್ಲಿ ಎಣ್ಣೆಯ ಅಂಶ ಕಡಿಮೆ. ಅದರ ಮೇಲೆ ಸುಡುನೀರು, ಸಾಬೂನು ಎರಡು ಸಲ ತಿಕ್ಕಿದರೆ ಇದ್ದ ಎಣ್ಣೆಯೂ ಹೋಯಿತು. ಒಣ ಚರ್ಮವೇ ಹಿರಿಯರ ತುರಿಕೆಗೆ ಮೊದಲ ಕಾರಣ ಅಂತ ನನಗೆ ಡಾಕ್ಟರು ಹೇಳಿದ್ದು. ಉಗುರುಬೆಚ್ಚಗಿನ ನೀರು, ಕಂಕುಳು-ತೊಡೆಸಂದಿಗೆ ಮಾತ್ರ ಸಾಬೂನು, ಒರೆಸಿಕೊಂಡು ಮೈ ಇನ್ನೂ ಒದ್ದೆ ಇರುವಾಗಲೇ ತೆಂಗಿನೆಣ್ಣೆ ಅಥವಾ ವ್ಯಾಸಲೀನ್. ನನಗೆ ಅಷ್ಟರಲ್ಲೇ ಕಡಿಮೆಯಾಯಿತು. ಎಣ್ಣೆ ಹಚ್ಚಿ ಆಮೇಲೆ ಸೀಗೆಪುಡಿ ಹಾಕಿ ತೊಳೆದರೆ ಸುಮ್ನೆ ದಂಡ.

ಎಣ್ಮಕಜೆ ಅಡಕೆ:
ಎಲ್ಲರೂ ಎಣ್ಣೆ, ಸಾಬೂನು ಅಂತಾರೆ. ಪೆರ್ಲ ಅಂದ ಕೂಡಲೇ ನನಗೆ ಬೇರೆಯೇ ನೆನಪಾಗುತ್ತದೆ. ಗೇರುತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರು ನಮ್ಮದು. ಬಾವಿ, ಸುರಂಗದ ನೀರು ಎಲ್ಲ ಅದೇ. ಅದರ ನಂಜು ಈಗ ಹೊರಗೆ ಬರುತ್ತಿಲ್ಲ ಅಂತ ಹೇಗೆ ಹೇಳುವುದು?

ಕಡಲಕರೆ ಕಾಸರಗೋಡು:
ಅಣ್ಣ, ಆ ನೋವು ನಿಜ. ಅದರ ಬಗ್ಗೆ ಎರಡು ಮಾತಿಲ್ಲ. ಆದ್ರೆ ಆಕಾಶದಿಂದ ಸಿಂಪಡಣೆ ನಿಂತು ಇಸವಿ 2000ದಿಂದ ಲೆಕ್ಕ ಹಾಕಿ. ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ನಿಲ್ಲಿಸಿದ್ದು 2011ರಲ್ಲಿ. ಕಳೆದ ಧನುವಿನಲ್ಲಿ ಶುರುವಾದ ತುರಿಕೆಯನ್ನು ಅದಕ್ಕೆ ಗಂಟು ಹಾಕಿದರೆ ಏನಾಗುತ್ತದೆ? ಯಾರೂ ಟೆಸ್ಟ್ ಮಾಡಿಸುವುದಿಲ್ಲ, ಶಾಪ ಹಾಕಿ ಕೂರುತ್ತೇವೆ ಅಷ್ಟೆ. ಪರಿಹಾರದ ಹೋರಾಟ ಬೇರೆ, ಅತ್ತೆಯ ರಾತ್ರಿ ನಿದ್ದೆ ಬೇರೆ.

ದೇರಳಕಟ್ಟೆ ಸಿಸ್ಟರ್:
ಮಂಜೇಶ್ವರದವಳು, ಮಂಗಳೂರು ಕಡೆ ಆಸ್ಪತ್ರೆಯಲ್ಲಿ ನರ್ಸ್. ನಾನು ಡಾಕ್ಟರ್ ಅಲ್ಲ, ಆದ್ರೆ ಈ ತರದವರನ್ನು ವಾರ್ಡಿನಲ್ಲಿ ನೋಡುತ್ತಲೇ ಇರುತ್ತೇನೆ.

ಅಕ್ಕ, ನೀವು ಬರೆದದ್ದರಲ್ಲಿ ಎರಡು ಮಾತು ಬಹಳ ಮುಖ್ಯ. ಒಂದು, ಬೆನ್ನಿನ ನಡುವಿನ ಚೊಕ್ಕ ಜಾಗ. ಚರ್ಮದ ಕಾಯಿಲೆ ಆಗಿದ್ದರೆ ಅದು ಕೈ ಎಟುಕುತ್ತದಾ ಇಲ್ಲವಾ ಅಂತ ನೋಡಿ ಬರುವುದಿಲ್ಲ. ಕೈ ಎಟುಕುವಲ್ಲೆಲ್ಲ ಗೀರು, ಎಟುಕದಲ್ಲಿ ಏನೂ ಇಲ್ಲ ಅಂದ್ರೆ ಮೊದಲು ಬಂದದ್ದು ತುರಿಕೆ, ಗುರುತು ಆಮೇಲೆ ಕೆರೆದದ್ದರಿಂದ ಆದದ್ದು. ಎರಡು, ಹೊಳೆಯುವ ಉಗುರು. ಅದು ತಿಂಗಳುಗಟ್ಟಲೆ ಚರ್ಮಕ್ಕೆ ಉಜ್ಜಿ ಉಜ್ಜಿ ಬಂದ ಹೊಳಪು. ನಮ್ಮಲ್ಲಿ ಹಿರಿಯ ಡಾಕ್ಟರು ರೌಂಡಿಗೆ ಬಂದಾಗ ತುರಿಕೆಯವರ ಉಗುರನ್ನೇ ಮೊದಲು ನೋಡುತ್ತಾರೆ.

ತುರಿಕೆ ಆರು ವಾರ ದಾಟಿದರೆ ಅದನ್ನು ದೀರ್ಘಕಾಲದ್ದು ಅಂತ ಲೆಕ್ಕ. ಮಾಷ್ಟ್ರು ಹೇಳಿದ ಒಣ ಚರ್ಮದ ಆರೈಕೆ ಮಾಡಿಯೂ ಹೋಗದಿದ್ದರೆ, ಚರ್ಮದ ಮೇಲೆ ಏನೂ ಕಾಣದಿದ್ದರೆ, ಒಳಗೆ ಹುಡುಕಬೇಕು. ಮೊದಲ ಅನುಮಾನ ಲಿವರ್. ಪಿತ್ತರಸ ಸರಿಯಾಗಿ ಹರಿಯದೆ ನಿಂತರೆ ತುರಿಕೆ ಬರುತ್ತದೆ. ಅಂಗೈ, ಅಂಗಾಲಿನಲ್ಲಿ ಜಾಸ್ತಿ, ರಾತ್ರಿ ಜಾಸ್ತಿ. ಕಣ್ಣು ಹಳದಿ ಆಗಲೇಬೇಕು ಅಂತ ಇಲ್ಲ, ಇದನ್ನು ನೆನಪಿಡಿ. ಆಮೇಲೆ ಕಿಡ್ನಿ. ಡಯಾಲಿಸಿಸ್ ಮಾಡಿಸುವವರಲ್ಲಿ ತುರಿಕೆ ತುಂಬ ಸಾಮಾನ್ಯ. ಥೈರಾಯ್ಡ್ ಏರಿದರೂ ತುರಿಸುತ್ತದೆ, ಇಳಿದರೆ ಚರ್ಮ ಒಣಗಿ ತುರಿಸುತ್ತದೆ. ಕಬ್ಬಿಣದ ಅಂಶ ಕಡಿಮೆಯಾದರೂ ಹಾಗೆ, ಕೆಲವರಿಗೆ ರಕ್ತಹೀನತೆ ಕಾಣುವ ಮೊದಲೇ. ಅಪರೂಪಕ್ಕೆ ರಕ್ತದ ಕಾಯಿಲೆ, ಲಿಂಫೋಮ ಅನ್ನುವ ಕ್ಯಾನ್ಸರ್. ಕುತ್ತಿಗೆ, ಕಂಕುಳಲ್ಲಿ ಗಡ್ಡೆ, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು, ಸುಮ್ಮಸುಮ್ಮನೆ ತೂಕ ಇಳಿಯುವುದು ಇದ್ದರೆ ಅದನ್ನು ಡಾಕ್ಟರಿಗೆ ಕೇಳದೆಯೇ ಹೇಳಿ.

ಸಕ್ಕರೆ ಕಾಯಿಲೆಯನ್ನು ಎಲ್ಲರೂ ಮೊದಲು ಹೇಳುತ್ತಾರೆ. ಅದು ಹೆಚ್ಚಾಗಿ ಗುಪ್ತಾಂಗದ ತುರಿಕೆ, ಫಂಗಸ್, ಕಾಲಿನ ಚರ್ಮ ಒಣಗುವುದು, ಹೀಗೆ ಬರುತ್ತದೆ. ಇಡೀ ಮೈ ತುರಿಕೆಗೆ ಶುಗರ್ ಒಂದನ್ನೇ ನೋಡಿ ಬಿಟ್ಟರೆ ಸಾಲದು.

ಬಿಪಿ ಮಾತ್ರೆಯ ಹೆಸರು ನೋಡಿ. ಕೆಲವು ಬಿಪಿ ಮಾತ್ರೆ, ನೋವಿನ ಬಲವಾದ ಮಾತ್ರೆಗಳಿಂದಲೂ ಗುಳ್ಳೆ ಇಲ್ಲದ ತುರಿಕೆ ಬರುತ್ತದೆ. ನೀವೇ ನಿಲ್ಲಿಸಬೇಡಿ, ಮಾತ್ರೆಯ ಪಟ್ಟಿಯನ್ನೇ ಕೊಂಡುಹೋಗಿ.

ಯಾವ ಡಾಕ್ಟರು ಅಂದ್ರೆ, ಮೊದಲು ಚರ್ಮದವರು. ಚರ್ಮದ್ದಲ್ಲ ಅಂತ ಖಚಿತವಾಗಿ ಹೇಳಲು ಅವರೇ ಬೇಕು. ರಕ್ತ ಪರೀಕ್ಷೆ ಅವರೇ ಬರೆದುಕೊಡುತ್ತಾರೆ.

ಬೇಳದ ಪುಳ್ಳಿ:
ಸಿಸ್ಟರ್, ತಂಬಿಲದ ವಿಷಯ ಹೇಳಲಿಲ್ಲ 🙂

ದೇರಳಕಟ್ಟೆ ಸಿಸ್ಟರ್:
ನಾಗನಿಗೆ ಹಾಲು, ಸೀಯಾಳ ಇಡಿ, ನಾನೂ ಇಡುತ್ತೇನೆ. ಎಲ್‌ಎಫ್‌ಟಿ ಅನ್ನುವ ಲಿವರ್ ಟೆಸ್ಟ್ ಬೇಡ ಅಂತ ನಾಗ ಎಲ್ಲಿಯೂ ಹೇಳಿಲ್ಲ.

ಬದಿಯಡ್ಕ ಲ್ಯಾಬ್:
ಲ್ಯಾಬಿನವನ ಕಡೆಯಿಂದ ಸ್ವಲ್ಪ. ಎಲ್‌ಎಫ್‌ಟಿ ಕಾಗದ ಕೈಗೆ ಬಂದ ಕೂಡಲೇ ಜನ ಬಿಲಿರುಬಿನ್ ಒಂದನ್ನೇ ನೋಡುತ್ತಾರೆ. ಒಂದಕ್ಕಿಂತ ಕಡಿಮೆ ಇದ್ದರೆ 'ಜಾಂಡೀಸ್ ಇಲ್ಲ' ಅಂತ ಮಡಚಿ ಕಿಸೆಗೆ ಹಾಕುತ್ತಾರೆ. ತುರಿಕೆಯವರು ನೋಡಬೇಕಾದದ್ದು ಅದೇ ಕಾಗದದ ಕೆಳಗಿನ ಸಾಲು, ಆಲ್ಕಲೈನ್ ಫಾಸ್ಫಟೇಸ್ ಅನ್ನುವ ಕಿಣ್ವ. ಪಿತ್ತನಾಳದಲ್ಲಿ ತೊಂದರೆ ಇದ್ದರೆ ಬಿಲಿರುಬಿನ್ ಏರುವ ಮೊದಲೇ ಅದು ಏರಬಹುದು. ಆದ್ರೆ ಅದು ಮೂಳೆಯಿಂದಲೂ ಬರುತ್ತದೆ. ವಿಟಮಿನ್ ಡಿ ತುಂಬ ಕಡಿಮೆ ಇದ್ದರೂ ಏರುತ್ತದೆ. ಅದಕ್ಕೆ ಜೊತೆಯಲ್ಲಿ ಲಿವರಿನದ್ದೇ ಇನ್ನೊಂದು ಟೆಸ್ಟ್, ಜಿಜಿಟಿ ಕೇಳಿ. ಎರಡೂ ಏರಿದ್ದರೆ ಲಿವರ್ ಕಡೆಯದ್ದು ಅಂತ ಅಂದಾಜು.

ಉಳಿದದ್ದು ರಕ್ತಕ್ಕೆ ಸಿಬಿಸಿ, ಇಎಸ್‌ಆರ್, ಕಿಡ್ನಿಗೆ ಕ್ರಿಯಾಟಿನಿನ್, ಥೈರಾಯ್ಡಿಗೆ ಟಿಎಸ್‌ಎಚ್, ಶುಗರ್, ಕಬ್ಬಿಣದ ಅಂಶಕ್ಕೆ ಫೆರಿಟಿನ್. ಡಾಕ್ಟರು ಹೇಳಿದರೆ ಹೆಪಟೈಟಿಸ್ ಬಿ, ಸಿ. ಅಷ್ಟೇ. ದೊಡ್ಡ ದೊಡ್ಡ 'ಫುಲ್ ಬಾಡಿ ಪ್ಯಾಕೇಜ್' ಬೇಡ. ಅದರಲ್ಲಿ ಅರುವತ್ತು ಎಪ್ಪತ್ತು ಹೆಸರು ಇರುತ್ತವೆ, ನಿಮಗೆ ಬೇಕಾದ ಫೆರಿಟಿನ್ ಇರುವುದಿಲ್ಲ. ಲ್ಯಾಬಿನವನೇ ಹೀಗೆ ಹೇಳುತ್ತಾನಾ ಅಂತ ಕೇಳಬೇಡಿ. ಇನ್ನೊಂದು, ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಮೊದಲೇ ಹೇಳಿ. ಥೈರಾಯ್ಡ್ ರಿಪೋರ್ಟು ತಪ್ಪು ಬರುವ ಸಾಧ್ಯತೆ ಇದೆ.

ಕುಂಬಳೆ ಔಷಧಿ ಅಂಗಡಿ:
'ಪೇಟೆಯ ಅಂಗಡಿಯಿಂದ ಟ್ಯೂಬ್' ಅಂತ ಓದಿದೆ. ನಮ್ಮ ಕಸುಬಿನವರಿಗೇ ಬೈಯಬೇಕಾಗಿದೆ. ತುರಿಕೆ ಅಂದ ಕೂಡಲೇ ಮೂರು ಮದ್ದು ಬೆರೆಸಿದ ಟ್ಯೂಬ್ ತೆಗೆದುಕೊಡುವವರು ಇದ್ದಾರೆ. ಅದರಲ್ಲಿ ಕ್ಲೋಬೆಟಸಾಲ್ ಅಂತ ಬಲವಾದ ಸ್ಟೀರಾಯ್ಡ್, ಜೊತೆಗೆ ಫಂಗಸ್ಸಿನದ್ದು, ಬ್ಯಾಕ್ಟೀರಿಯದ್ದು. ಎರಡು ದಿನದಲ್ಲಿ ತುರಿಕೆ ತಣ್ಣಗಾಗುತ್ತದೆ. ಜನ ಅದರ ಹೆಸರು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಹುಳುಕಡ್ಡಿ ಇದ್ದವರಿಗೆ ಅದೇ ಶತ್ರು. ಸ್ಟೀರಾಯ್ಡ್ ಹಚ್ಚಿದರೆ ಉಂಗುರದ ಆಕಾರ ಮಾಯವಾಗುತ್ತದೆ, ಫಂಗಸ್ ಒಳಗೊಳಗೆ ಹಬ್ಬುತ್ತದೆ, ಆಮೇಲೆ ಡಾಕ್ಟರಿಗೂ ಗುರುತು ಸಿಗುವುದಿಲ್ಲ. ತೊಡೆಸಂದಿಯ ಚರ್ಮ ತೆಳ್ಳಗಾಗಿ ಗೆರೆ ಬೀಳುತ್ತದೆ, ಆ ಗೆರೆ ಮತ್ತೆ ಹೋಗುವುದೇ ಇಲ್ಲ. 2018ರಲ್ಲಿ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ನಾನು ಕೊಡುವುದಿಲ್ಲ ಅಂದ್ರೆ ಎದುರಿನ ಅಂಗಡಿಗೆ ಹೋಗುತ್ತಾರೆ, ಏನು ಮಾಡುವುದು?

ಇನ್ನು ಸೆಟ್ರಿಝಿನ್. ಪಿತ್ತಗಂದೆಗೆ, ಅಲರ್ಜಿಗೆ ಅದು ಒಳ್ಳೆಯದು. ಲಿವರ್, ಕಿಡ್ನಿಯ ತುರಿಕೆಗೆ ಅಷ್ಟಾಗಿ ಹಿಡಿಯುವುದಿಲ್ಲ. ವಯಸ್ಸಾದವರು ಅದರ ಅಮಲಿನಲ್ಲಿ ರಾತ್ರಿ ಎದ್ದು ಬಿದ್ದರೆ ಸೊಂಟ ಮುರಿಯುತ್ತದೆ.

ಮತ್ತೆ, ತುರಿಸುವ ಕಲೆಯ ಜೊತೆಗೆ ತುರಿಸದ ಕಲೆಯ ಬಗ್ಗೆಯೂ ಎಚ್ಚರ ಇರಲಿ. ಬಿಳಿಚಿದ ಅಥವಾ ಕೆಂಚು ಮಚ್ಚೆ, ಮುಟ್ಟಿದರೆ ಸ್ಪರ್ಶ ಗೊತ್ತಾಗುವುದಿಲ್ಲ ಅಂತಾದರೆ ಅದು ಕುಷ್ಠ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಮದ್ದು ಪುಕ್ಕಟೆ, ಪೂರ್ತಿ ಗುಣವಾಗುತ್ತದೆ.

ಮುಳ್ಳೇರಿಯಾದಮ್ಮ:
ನನ್ನದೂ ಒಂದು ಇದೇ ಜಾಗದಲ್ಲಿ ಕೇಳುತ್ತೇನೆ. ಮಗ ಹಾಸ್ಟೆಲಿನಿಂದ ರಜೆಗೆ ಬಂದವನು ತುರಿಸಿಕೊಳ್ಳುತ್ತಿದ್ದ. ಬೆರಳಿನ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ಸಣ್ಣ ಸಣ್ಣ ಗುಳ್ಳೆ. ಬೆವರುಸಾಲೆ ಅಂದುಕೊಂಡೆ. ಈಗ ನನಗೂ, ಮಗಳಿಗೂ, ಅಜ್ಜಿಗೂ. ರಾತ್ರಿ ಇಡೀ ಮನೆ ಕೆರೆಯುತ್ತದೆ. ಕಜ್ಜಿ ಅಂತ ಒಬ್ಬರು ಹೇಳಿದರು. ನಮ್ಮ ಮನೆಯಲ್ಲಿ ಕಜ್ಜಿಯಾ? ದಿನಕ್ಕೆ ಎರಡು ಹೊತ್ತು ಸ್ನಾನ ಮಾಡುವವರು ನಾವು!

ದೇರಳಕಟ್ಟೆ ಸಿಸ್ಟರ್:
ಅಮ್ಮಾ, ಕಜ್ಜಿಯ ಹುಳು ಸ್ನಾನದ ಲೆಕ್ಕ ಇಡುವುದಿಲ್ಲ. ಅದು ಕಣ್ಣಿಗೆ ಕಾಣದಷ್ಟು ಸಣ್ಣದು, ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆ ಇಡುತ್ತದೆ. ಒಂದೇ ಹಾಸಿಗೆ, ಕೈ ಕೈ ಹಿಡಿದು ಆಟ, ಅಷ್ಟು ಸಾಕು ಹರಡಲು. ಮೊದಲ ಸಲ ಬಂದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಷ್ಟರೊಳಗೆ ಮನೆಯವರಿಗೆಲ್ಲ ಹಂಚಿ ಆಗಿರುತ್ತದೆ. ಆದ್ದರಿಂದ ತುರಿಕೆ ಇಲ್ಲದವರೂ ಸೇರಿ ಎಲ್ಲರೂ ಒಂದೇ ದಿನ ಮದ್ದು ಹಚ್ಚಬೇಕು. ಇದೇ ಗುಟ್ಟು. ಒಬ್ಬರು ಬಿಟ್ಟರೆ ಮತ್ತೆ ಮೊದಲಿಂದ.

ಸಾಮಾನ್ಯವಾಗಿ ಪರ್ಮೆಥ್ರಿನ್ 5 ಪರ್ಸೆಂಟ್ ಕ್ರೀಮ್ ಬರೆಯುತ್ತಾರೆ. ರಾತ್ರಿ ಕುತ್ತಿಗೆಯಿಂದ ಅಂಗಾಲಿನವರೆಗೆ. ತುರಿಸುವ ಜಾಗಕ್ಕೆ ಮಾತ್ರ ಅಲ್ಲ, ಬೆರಳ ಸಂದಿ, ಉಗುರಿನ ಅಡಿ, ಹೊಕ್ಕುಳು, ಗುಪ್ತಾಂಗ, ಎಲ್ಲ. ಎಂಟರಿಂದ ಹದಿನಾಲ್ಕು ಗಂಟೆ ಬಿಟ್ಟು ಸ್ನಾನ. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಿ, ಇದನ್ನು ಎಲ್ಲರೂ ಮರೆಯುತ್ತಾರೆ. ಒಂದು ವಾರದ ನಂತರ ಇನ್ನೊಂದು ಸಲ. ಆ ದಿನವೇ ಹಾಸಿಗೆ ಹೊದಿಕೆ, ಬಟ್ಟೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ. ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೂರು ನಾಲ್ಕು ದಿನ ಇಡಿ. ಮನುಷ್ಯನ ಮೈ ಸಿಗದಿದ್ದರೆ ಹುಳು ಹೆಚ್ಚು ದಿನ ಬದುಕುವುದಿಲ್ಲ. ಹುಳು ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರಬಹುದು. ಮದ್ದು ಹಿಡಿಯಲಿಲ್ಲ ಅಂತ ದಿನಾ ಹಚ್ಚಬೇಡಿ. ಮನೆಯಲ್ಲಿ ಸಣ್ಣ ಮಗು, ಬಸುರಿ ಇದ್ದರೆ ಡಾಕ್ಟರನ್ನು ಕೇಳಿಯೇ ಮಾಡಿ. ಹಾಸ್ಟೆಲಿಗೂ ತಿಳಿಸಿ, ನಾಚಿಕೆ ಬೇಡ.

ಪೆರ್ಲದ ಸೊಸೆಗೆ ಇದೇ ಕಾರಣಕ್ಕೆ ಒಂದು ಪ್ರಶ್ನೆ, ಮನೆಯಲ್ಲಿ ಬೇರೆ ಯಾರಿಗಾದರೂ ತುರಿಕೆ ಇದೆಯಾ?

ಪೆರ್ಲದ ಸೊಸೆ:
ಇಲ್ಲ ಸಿಸ್ಟರ್. ಅತ್ತೆಗೆ ಮಾತ್ರ. ಮೊಮ್ಮಗಳು ಅವರ ಪಕ್ಕದಲ್ಲೇ ಮಲಗುವುದು, ಅವಳಿಗೆ ಏನೂ ಇಲ್ಲ.

ವೈದ್ಯರಮನೆ ನೆಟ್ಟಣಿಗೆ:
ಎಲ್ಲದಕ್ಕೂ ರಕ್ತ ತೆಗೆಯುವುದೇ ಆಯಿತು ಈಗ. ನಮ್ಮ ಅಜ್ಜನ ಕಾಲದಲ್ಲಿ ರಕ್ತಶುದ್ಧಿಗೆ ಅಮೃತಬಳ್ಳಿ ಕಷಾಯ, ತ್ರಿಫಲ, ಮೇಲಿಗೆ ನಾಲ್ಪಾಮರಾದಿ ಎಣ್ಣೆ. ಎರಡು ತಿಂಗಳು ಪಥ್ಯ ಮಾಡಿದರೆ ತುರಿಕೆ ಊರು ಬಿಡುತ್ತಿತ್ತು.

ಬದಿಯಡ್ಕ ಲ್ಯಾಬ್:
ಭಾವ, ಮೇಲಿಗೆ ಹಚ್ಚುವ ಎಣ್ಣೆಗೆ ನನ್ನ ತಕರಾರಿಲ್ಲ. ಹೊಟ್ಟೆಗೆ ಕೊಡುವ ಮೊದಲು ಲಿವರ್ ಹೇಗಿದೆ ಅಂತ ನೋಡಿ ಅಷ್ಟೆ. ಕೊರೋನ ಕಾಲದಲ್ಲಿ ಎಲ್ಲರೂ ಅಮೃತಬಳ್ಳಿ ಕುದಿಸಿ ಕುಡಿದರಲ್ಲ, ಆಗ ಕೆಲವರ ಲಿವರ್ ಕೆಟ್ಟದ್ದನ್ನು ಮುಂಬೈಯ ಡಾಕ್ಟರುಗಳು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಯಾರು ಸರಿ ಅಂತ ನಾನು ಇಲ್ಲಿ ತೀರ್ಪು ಕೊಡುವುದಿಲ್ಲ. ಆದ್ರೆ ತುರಿಕೆಯ ಮೂಲವೇ ಲಿವರ್ ಆಗಿರಬಹುದಾದ ಹೆಂಗಸಿಗೆ ಪರೀಕ್ಷೆ ಮಾಡದೆ ತಿಂಗಳುಗಟ್ಟಲೆ ಕಷಾಯ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಕಡಲಕರೆ ಕಾಸರಗೋಡು:
ಎರಡೂ ಬೇಕು ಅನ್ನುವವರಿಗೆ ನಮ್ಮ ಜಿಲ್ಲೆಯಲ್ಲೇ ದಾರಿ ಇದೆ. ಉಳಿಯತ್ತಡ್ಕದ ಚರ್ಮರೋಗ ಸಂಸ್ಥೆ ಐಎಡಿಯಲ್ಲಿ (ಇನ್ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ) ಅಲೋಪತಿ ಚರ್ಮವೈದ್ಯರೂ ಆಯುರ್ವೇದದವರೂ ಸೇರಿ ರೋಗಿಯನ್ನು ನೋಡುತ್ತಾರೆ. 1999ರಲ್ಲಿ ಶುರುವಾದದ್ದು, ಆನೆಕಾಲಿನ ಚಿಕಿತ್ಸೆಗೆ ಹೊರರಾಜ್ಯದಿಂದಲೂ ಬರುತ್ತಾರೆ. ಪೆರ್ಲದವರಿಗೆ ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಹತ್ತಿರ, ಅಲ್ಲಿ ಒಪಿ 2022ರಲ್ಲಿ ಶುರುವಾಯಿತು. 2020ರಲ್ಲಿ ಕೊರೋನ ಅಂತ ಕರ್ನಾಟಕದವರು ತಲಪಾಡಿ ಗಡಿಗೆ ಗೇಟು ಹಾಕಿದಾಗ ನಮ್ಮವರು ಪಟ್ಟ ಪಾಡು ನೆನಪಿದೆಯಲ್ಲ. ಎಲ್ಲದಕ್ಕೂ ಮಂಗಳೂರು ಅಂತ ಕೂತದ್ದರ ಬಿಸಿ ಆಗ ತಟ್ಟಿತು.

ಶಾರ್ಜಾ ಬಂದ್ಯೋಡು:
ನನ್ನದು ವಿಚಿತ್ರ. ಸ್ನಾನ ಮಾಡಿ ಹೊರಗೆ ಬಂದ ಕೂಡಲೇ ಅರ್ಧ ಗಂಟೆ ಮೈಯೆಲ್ಲ ಚುಚ್ಚಿದ ಹಾಗೆ ತುರಿಕೆ. ಚರ್ಮ ನೋಡಿದರೆ ಏನೂ ಇಲ್ಲ. ರೂಮಿನವರು ಏಸಿಯಿಂದ ಅಂತಾರೆ. ಕಂಪನಿಯ ಮೆಡಿಕಲ್ಲಿನಲ್ಲಿ ಹಿಮೋಗ್ಲೋಬಿನ್ 18.4 ಬಂತು. ರಕ್ತ ಚೆನ್ನಾಗಿದೆ ಅಂತ ಖುಷಿಯಲ್ಲಿದ್ದೆ.

ದೇರಳಕಟ್ಟೆ ಸಿಸ್ಟರ್:
ಏಸಿಯಿಂದ ಒಣಗಿಯೂ ತುರಿಸಬಹುದು. ಆದ್ರೆ ಆ 18.4 ಖುಷಿಯ ಸಂಖ್ಯೆ ಅಲ್ಲ. ಸ್ನಾನದ ನಂತರ ಗುಳ್ಳೆ ಇಲ್ಲದ ತುರಿಕೆ, ಜೊತೆಗೆ ಏರಿದ ಹಿಮೋಗ್ಲೋಬಿನ್ ಅಂದ್ರೆ ಪಾಲಿಸೈಥೀಮಿಯ ಅಂತ ಒಂದು ರಕ್ತದ ಕಾಯಿಲೆಯನ್ನು ತಳ್ಳಿಹಾಕಬೇಕು. ಗಂಡಸರಲ್ಲಿ 16.5 ದಾಟಿದರೇ ಅದರ ಬಗ್ಗೆ ಯೋಚಿಸುತ್ತಾರೆ. ಸಿಗರೇಟಿನಿಂದಲೂ ಏರುತ್ತದೆ, ನಿದ್ದೆಯಲ್ಲಿ ಉಸಿರು ಕಟ್ಟುವವರಿಗೂ ಏರುತ್ತದೆ. ಫಿಸಿಶಿಯನ್ ಹತ್ತಿರ ಹೋಗಿ ಸಿಬಿಸಿ ಮತ್ತೆ ಮಾಡಿಸಿ, ಜಾಕ್2 ಅನ್ನುವ ಜೀನ್ ಟೆಸ್ಟ್ ಬೇಕಾ ಅಂತ ಕೇಳಿ. ರಕ್ತ ಗಟ್ಟಿಯಾಗಿ ಹೆಪ್ಪುಗಟ್ಟುವ ಅಪಾಯ ಇರುವ ಕಾಯಿಲೆ. ಊರಿಗೆ ಬರುವವರೆಗೆ ಕಾಯಬೇಡಿ.

ಉಪ್ಪಳದ ಹುಡುಗಿ:
ಓದುತ್ತಾ ಓದುತ್ತಾ ಹೆದರಿಕೆಯಾಯಿತು. ನನಗೆ ಎಂಟನೇ ತಿಂಗಳು. ವಾರದಿಂದ ಅಂಗೈ, ಅಂಗಾಲು ತುರಿಕೆ. ಗುಳ್ಳೆ ಇಲ್ಲ. ರಾತ್ರಿ ತಣ್ಣೀರಿನಲ್ಲಿ ಕಾಲಿಟ್ಟು ಕೂರುತ್ತೇನೆ. ಹೊಟ್ಟೆ ಹಿಗ್ಗುವಾಗ ತುರಿಸುತ್ತದೆ ಅಂತ ಅಮ್ಮ ಹೇಳಿದರು. ಮುಂದಿನ ಚೆಕಪ್ ಇನ್ನೂ ಎರಡು ವಾರ ಇದೆ.

ದೇರಳಕಟ್ಟೆ ಸಿಸ್ಟರ್:
ತಂಗೀ, ಚೆಕಪ್ಪಿಗೆ ಕಾಯಬೇಡ. ನಾಳೆ ಬೆಳಿಗ್ಗೆಯೇ ಹೋಗು. ಹೊಟ್ಟೆ ಹಿಗ್ಗುವ ತುರಿಕೆ ಹೊಟ್ಟೆಯಲ್ಲಿ ಇರುತ್ತದೆ. ಅಂಗೈ, ಅಂಗಾಲಿನಲ್ಲಿ, ಅದೂ ರಾತ್ರಿ ಜಾಸ್ತಿ ಅಂದ್ರೆ ಬಸಿರಿನಲ್ಲಿ ಲಿವರಿನ ಪಿತ್ತರಸ ಕಟ್ಟುವ ಒಂದು ತೊಂದರೆ ಇದೆ, ಅದನ್ನು ನೋಡಲೇಬೇಕು. ತಾಯಿಗೆ ಹೆರಿಗೆಯಾದ ಮೇಲೆ ತಾನಾಗಿ ಹೋಗುತ್ತದೆ. ಮಗುವಿನ ವಿಷಯ ಹಾಗಲ್ಲ. ರಕ್ತದಲ್ಲಿ ಪಿತ್ತರಸದ ಆಮ್ಲ, ಬೈಲ್ ಆಸಿಡ್, 100 ದಾಟಿದರೆ ಹೊಟ್ಟೆಯಲ್ಲೇ ಮಗುವಿಗೆ ಅಪಾಯ ಏರುತ್ತದೆ. ಎಲ್‌ಎಫ್‌ಟಿ ಜೊತೆಗೆ 'ಸೀರಮ್ ಬೈಲ್ ಆಸಿಡ್' ಅಂತಲೇ ಹೆಸರು ಹೇಳಿ ಕೇಳು, ಮಾಮೂಲಿ ಎಲ್‌ಎಫ್‌ಟಿಯಲ್ಲಿ ಅದು ಬರುವುದಿಲ್ಲ. ಹೆಚ್ಚಿನವರಿಗೆ ಇಷ್ಟು ಏರುವುದಿಲ್ಲ, ಸುಮ್ನೆ ಹೆದರಬೇಡ. ಮಗುವಿನ ಅಲುಗಾಟ ಕಡಿಮೆ ಅನಿಸಿದರೆ ಮಾತ್ರ ಬೆಳಿಗ್ಗೆ ಆಗುವವರೆಗೂ ಕಾಯಬೇಡ, ರಾತ್ರಿಯೇ ಹೊರಡು.

ಉಪ್ಪಳದ ಹುಡುಗಿ:
ಹೋಗಿ ಬಂದೆ ಸಿಸ್ಟರ್. ಬೈಲ್ ಆಸಿಡ್ 46. ಆ ತೊಂದರೆಯೇ ಅಂತೆ. ಅರ್ಸೋ ಅಂತ ಮಾತ್ರೆ ಕೊಟ್ಟಿದ್ದಾರೆ. ವಾರ ವಾರ ರಕ್ತ ನೋಡಬೇಕು, ದಿನ ತುಂಬುವವರೆಗೆ ಬಿಡದೆ ಸ್ವಲ್ಪ ಮೊದಲೇ ಹೆರಿಗೆ ಮಾಡಿಸಬಹುದು ಅಂದರು. ಇನ್ನು ಆಸ್ಪತ್ರೆಗೆ ನಾನೂ ಬರುತ್ತೇನೆ ಅಂತ ಅಮ್ಮ ಹೊರಟು ನಿಂತಿದ್ದಾರೆ.

ಬೇಳದ ಪುಳ್ಳಿ:
ನಮ್ಮ ಅಜ್ಜನದ್ದೂ ಕೇಳಿಬಿಡುತ್ತೇನೆ. 78 ವರ್ಷ, ಶುಗರಿಗೆ ವಿಲ್ಡಾಗ್ಲಿಪ್ಟಿನ್ ಇರುವ ಮಾತ್ರೆ. ಮೊದಲು ಬರೀ ತುರಿಕೆ, ಈಗ ತೊಡೆಯಲ್ಲಿ ನೀರು ತುಂಬಿದ ಗಟ್ಟಿ ಬೊಕ್ಕೆಗಳು. ಮನೆಯಲ್ಲಿ ಸರ್ಪಸುತ್ತು ಅಂತಾರೆ.

ಕುಂಬಳೆ ಔಷಧಿ ಅಂಗಡಿ:
ಸರ್ಪಸುತ್ತು ಮೈಯ ಒಂದೇ ಬದಿಗೆ, ಪಟ್ಟಿಯ ಆಕಾರದಲ್ಲಿ, ಉರಿ ನೋವಿನೊಂದಿಗೆ ಬರುತ್ತದೆ. ಎರಡೂ ತೊಡೆಯಲ್ಲಿ ಇದ್ದರೆ ಅದಲ್ಲ. ಗ್ಲಿಪ್ಟಿನ್ ಜಾತಿಯ ಮಾತ್ರೆ ತಿನ್ನುವ ಕೆಲವು ಹಿರಿಯರಿಗೆ ಬುಲಸ್ ಪೆಂಫಿಗಾಯ್ಡ್ ಅಂತ ಬೊಕ್ಕೆಯ ಕಾಯಿಲೆ ಬರುವುದುಂಟು, ತಿಂಗಳುಗಟ್ಟಲೆ ಮೊದಲೇ ತುರಿಕೆ ಶುರುವಾಗಿರುತ್ತದೆ. ಚರ್ಮದ ಡಾಕ್ಟರಿಗೆ ಬೇಗ ತೋರಿಸಿ, ಮಾತ್ರೆಯ ಪಟ್ಟಿ ಕೊಂಡುಹೋಗಿ. ಶುಗರ್ ಮಾತ್ರೆಯನ್ನು ಡಾಕ್ಟರೇ ಬದಲಿಸಲಿ, ನೀವು ನಿಲ್ಲಿಸಬೇಡಿ.

ಎಣ್ಮಕಜೆ ಅಡಕೆ:
ಇಷ್ಟೆಲ್ಲ ಓದಿದ ಮೇಲೆ ನಾನೂ ನನ್ನ ಕೈ ನೋಡಿಕೊಂಡೆ. ಮಳೆಗಾಲದಲ್ಲಿ ಅಡಕೆಯ ಕೊಳೆರೋಗಕ್ಕೆ ಮದ್ದು ಬಿಟ್ಟ ಮೇಲೆ ಮುಂಗೈ ತುರಿಕೆ. ಗೇರುಬೀಜ ಸುಡುವಾಗ ಬೆರಳ ತುದಿ ಸುಲಿಯುತ್ತದೆ. ಇದಕ್ಕೂ ಲಿವರ್ ನೋಡಬೇಕಾ?

ನೀರ್ಚಾಲು ಮಾಷ್ಟ್ರು:
ಬೇಡ ಮಾರಾಯಾ, ಗ್ಲೌಸ್ ಹಾಕು ಸಾಕು. ಗೇರು ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಮಾವಿನ ಸೊನೆಯೂ ಅದೇ ಜಾತಿ. ಕೊಳೆರೋಗದ ಮದ್ದಿನ ಮೈಲುತುತ್ತು, ಸುಣ್ಣವೂ ಚರ್ಮಕ್ಕೆ ಆಗುವುದಿಲ್ಲ. ಕೆಲಸ ಮಾಡಿದ ಜಾಗದಲ್ಲಿ ಮಾತ್ರ, ಕೆಲಸ ಮಾಡಿದಾಗ ಮಾತ್ರ ಬರುವುದು ಹೊರಗಿನ ತುರಿಕೆ.

ಪೆರ್ಲದ ಸೊಸೆ:
ಎಲ್ಲರಿಗೂ ಸುದ್ದಿ ಹೇಳಬೇಕು. ಚರ್ಮದ ಡಾಕ್ಟರು ಬೆನ್ನು ನೋಡಿ, ಉಗುರು ನೋಡಿ, ಟಾರ್ಚ್ ಹಾಕಿ ಬೆರಳ ಸಂದಿ ನೋಡಿ, ಚರ್ಮದ್ದಲ್ಲ ಅಂದರು. ರಕ್ತ ಬರೆದುಕೊಟ್ಟರು. ಕ್ರಿಯಾಟಿನಿನ್, ಥೈರಾಯ್ಡ್, ಶುಗರ್, ಫೆರಿಟಿನ್ ಎಲ್ಲ ಸರಿ. ಬಿಲಿರುಬಿನ್ 0.9. ಆಲ್ಕಲೈನ್ ಫಾಸ್ಫಟೇಸ್ ಮಾತ್ರ 386, ಜಿಜಿಟಿಯೂ ಏರಿದೆ. ಲ್ಯಾಬ್ ಅಣ್ಣ ಹೇಳದಿದ್ದರೆ ನಾವೂ ಬಿಲಿರುಬಿನ್ ನೋಡಿ ಕಾಗದ ಮಡಚುತ್ತಿದ್ದೆವು.

ಸ್ಕ್ಯಾನಿನಲ್ಲಿ ಕಲ್ಲು, ಗಡ್ಡೆ ಏನೂ ಇಲ್ಲ. ಮಂಗಳೂರಿನ ಹೊಟ್ಟೆ ಡಾಕ್ಟರಿಗೆ ಕಳಿಸಿದರು. ಅವರು ಎಎಂಎ ಅಂತ ಇನ್ನೊಂದು ರಕ್ತದ ಟೆಸ್ಟ್ ಮಾಡಿಸಿದರು, ಪಾಸಿಟಿವ್. ಪಿಬಿಸಿ ಅನ್ನುವ ಲಿವರಿನ ಕಾಯಿಲೆ ಅಂತೆ. ಭಾವ ಮೊಬೈಲಿನಲ್ಲಿ ಹುಡುಕಿ 'ಸಿರೋಸಿಸ್', ಅಂದ್ರೆ ಲಿವರ್ ಗಟ್ಟಿಯಾಗಿ ಕೆಡುವುದು, ಅಂತ ಓದಿಬಿಟ್ಟರು. ಮನೆಯಲ್ಲಿ ಒಂದು ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಅತ್ತೆ ಮಾತ್ರ ಕೇಳಿದ್ದು ಒಂದೇ, 'ನಾನು ಕುಡಿದದ್ದು ಮಜ್ಜಿಗೆ ಮಾತ್ರ ಅಲ್ವಾ? ಊರವರು ಏನು ಹೇಳುತ್ತಾರೆ?'

ದೇರಳಕಟ್ಟೆ ಸಿಸ್ಟರ್:
ಅತ್ತೆಗೆ ಹೇಳಿ, ಇದಕ್ಕೂ ಕುಡಿತಕ್ಕೂ ಸಂಬಂಧವೇ ಇಲ್ಲ. ಮೈಯ ರಕ್ಷಣಾ ವ್ಯವಸ್ಥೆಯೇ ಲಿವರಿನೊಳಗಿನ ಸಣ್ಣ ಪಿತ್ತನಾಳಗಳ ಮೇಲೆ ತಿರುಗಿ ಬೀಳುವುದು. ಬರುವುದು ಹೆಚ್ಚಾಗಿ ನಡುವಯಸ್ಸು ದಾಟಿದ ಹೆಂಗಸರಿಗೆ. ಮೊದಲು ಇದರ ಹೆಸರಿನಲ್ಲೇ ಸಿರೋಸಿಸ್ ಇತ್ತು. ಹೆಚ್ಚಿನವರಿಗೆ ಸಿರೋಸಿಸ್ ಆಗಿರುವುದೇ ಇಲ್ಲ, ಸುಮ್ನೆ ಹೆದರುತ್ತಾರೆ ಅಂತ 2015ರಲ್ಲಿ ಆ ಪದ ತೆಗೆದು ಕೊಲಾಂಜೈಟಿಸ್, ಅಂದ್ರೆ ಪಿತ್ತನಾಳದ ಉರಿಯೂತ, ಅಂತ ಮಾಡಿದರು. ಭಾವ ಓದಿದ್ದು ಹಳೆಯ ಪುಟ ಇರಬೇಕು.

ಇವರಿಗೂ ಅರ್ಸೋ ಬರೆದಿರುತ್ತಾರೆ. ತೂಕದ ಲೆಕ್ಕದಲ್ಲಿ ಕೊಡುವ ಮದ್ದು, ವರ್ಷಗಟ್ಟಲೆ ಬಿಡದೆ ತಿನ್ನಬೇಕು. ಅದು ಲಿವರನ್ನು ಕಾಯುತ್ತದೆ, ಆದ್ರೆ ತುರಿಕೆಗೆ ಅಷ್ಟು ನೆರವಾಗುವುದಿಲ್ಲ. ತುರಿಕೆಗೆ ಬೇರೆ ಪುಡಿ ಕೊಟ್ಟಿದ್ದಾರಾ?

ಪೆರ್ಲದ ಸೊಸೆ:
ಹೌದು, ಕೊಲೆಸ್ಟಿರಮೀನ್ ಪುಡಿ. ನೀರಿನಲ್ಲಿ ಕಲಸಿ ಕುಡಿಯಲು.

ದೇರಳಕಟ್ಟೆ ಸಿಸ್ಟರ್:
ಅದರಲ್ಲಿ ಒಂದು ಎಚ್ಚರ ಬೇಕು. ಆ ಪುಡಿ ಹೊಟ್ಟೆಯಲ್ಲಿ ಸಿಕ್ಕಿದ್ದನ್ನೆಲ್ಲ ಹಿಡಿದುಕೊಳ್ಳುತ್ತದೆ, ಬೇರೆ ಮಾತ್ರೆಗಳನ್ನೂ. ಅರ್ಸೋ, ಬಿಪಿ ಮಾತ್ರೆಯನ್ನು ಪುಡಿಗಿಂತ ಒಂದು ಗಂಟೆಯಾದರೂ ಮೊದಲು ಕೊಡಿ, ಇಲ್ಲವೇ ನಾಲ್ಕರಿಂದ ಆರು ಗಂಟೆ ನಂತರ. ಒಟ್ಟಿಗೆ ಕೊಟ್ಟರೆ ಮಾತ್ರೆ ತಿಂದೂ ತಿನ್ನದ ಲೆಕ್ಕ. ಮಲಬದ್ಧತೆ ಆಗಬಹುದು. ಪುಡಿಯಿಂದ ಆಗದಿದ್ದರೆ ಬೇರೆ ಮಾತ್ರೆಗಳಿವೆ, ಹೋಗಿ ಹೇಳಿ, ಸಹಿಸಿಕೊಂಡು ಕೂರಬೇಡಿ. ಕಣ್ಣು, ಬಾಯಿ ಒಣಗುತ್ತದಾ ಅಂತ ಕೇಳಿ ನೋಡಿ. ಈ ಕಾಯಿಲೆಯ ಜೊತೆಗೆ ಅದೂ ಬರುತ್ತದೆ. ಮೂಳೆ ಸವೆತದ ಪರೀಕ್ಷೆಯೂ ಒಮ್ಮೆ ಆಗಲಿ.

ನೀರ್ಚಾಲು ಮಾಷ್ಟ್ರು:
ಮದ್ದು ಹಿಡಿಯುವವರೆಗೆ ಉಗುರು ಗಿಡ್ಡ ಕತ್ತರಿಸಿ. ತೆಳು ಹತ್ತಿ ಬಟ್ಟೆ. ತುರಿಸಿದ ಜಾಗಕ್ಕೆ ಒದ್ದೆ ಬಟ್ಟೆ ಇಟ್ಟರೆ ಕೆರೆಯುವ ಚಟ ತಪ್ಪುತ್ತದೆ. ಇನ್ನು ಅವರಿಗೆ ಬದನೆ, ಹಲಸು ಕೊಡಿ ಪಾಪ. ಹಲಸಿನ ಕಾಲ ಮುಗಿಯುತ್ತಾ ಬಂತು.

ಪೆರ್ಲದ ಸೊಸೆ:
ನಿನ್ನೆಯೇ ಕೊಟ್ಟಾಯಿತು ಮಾಷ್ಟ್ರೇ. ತುರಿಕೆ ಪೂರ್ತಿ ಹೋಗಿಲ್ಲ, ಆದ್ರೆ ರಾತ್ರಿ ಒಂದು ಹೊತ್ತಾದರೂ ನಿದ್ದೆ ಹತ್ತುತ್ತದೆ.

ಮುಳ್ಳೇರಿಯಾದಮ್ಮ:
ಸಂತೋಷ. ನಮ್ಮದು ಕಜ್ಜಿಯೇ ಅಂತ ಡಾಕ್ಟರು ಹೇಳಿದರು, ಚೀಟಿ ಕೊಟ್ಟಿದ್ದಾರೆ. ಮನೆಯಲ್ಲಿ ಆರು ಜನ. ಚೀಟಿಯಲ್ಲಿ ಕ್ರೀಮಿನ ಹೆಸರು ಮಾತ್ರ ಇದೆ, ಎಷ್ಟು ಟ್ಯೂಬ್ ಅಂತ ಇಲ್ಲ. ಇಲ್ಲಿಯ ಅಂಗಡಿಯವರು ಎರಡು ಸಾಕು ಅಂತಾರೆ.

ಕುಂಬಳೆ ಔಷಧಿ ಅಂಗಡಿ:
ಎರಡು ಯಾವ ಮೂಲೆಗೆ ಅಮ್ಮ? ದೊಡ್ಡವರಿಗೆ ಒಂದು ಸಲಕ್ಕೆ 30 ಗ್ರಾಂ ಬೇಕು. ಆರೂ ಜನ ದೊಡ್ಡವರಾದರೆ ಒಂದು ರಾತ್ರಿಗೆ 30 ಗ್ರಾಮಿನ ಆರು ಟ್ಯೂಬ್, ವಾರ ಬಿಟ್ಟು ಮತ್ತೆ ಆರು. ಮಕ್ಕಳಿಗೆ ಕಡಿಮೆ ಸಾಕು, ಮಗಳ ವಯಸ್ಸು ಹೇಳಿ. ಚೀಟಿಯಲ್ಲಿ ಆರೂ ಜನರ ಹೆಸರು ಬರೆಸಿಕೊಳ್ಳಿ, ಇಲ್ಲದಿದ್ದರೆ ಒಬ್ಬರ ಹೆಸರಿಗೆ ಹನ್ನೆರಡು ಟ್ಯೂಬ್ ಕೊಡಲು ಯಾರಾದರೂ ಹಿಂದೆಮುಂದೆ ನೋಡುತ್ತಾರೆ.

ಮುಳ್ಳೇರಿಯಾದಮ್ಮ:
ಮಗಳಿಗೆ ಒಂಬತ್ತು. ಸರಿ, ನಾಳೆ ಮತ್ತೆ ಹೋಗಿ ಬರೆಸಿ ತರುತ್ತೇನೆ. ಶನಿವಾರ ರಾತ್ರಿ ಎಲ್ಲರಿಗೂ ಹಚ್ಚುವುದು. ಅಜ್ಜ ಮಾತ್ರ ನನಗೆ ತುರಿಕೆ ಇಲ್ಲ, ಬೇಡ ಅಂತ ಹಠ ಹಿಡಿದಿದ್ದಾರೆ. ಅವರಿಗೆ ಸಿಸ್ಟರ್ ಬರೆದದ್ದನ್ನು ಓದಿ ಹೇಳಬೇಕು.